ಒಂದೇ ಊರು, ಒಂದು ವಾರ: ಟ್ಯೂಬಿಂಗನ್

ಮೊದಲ ಸಲ ಜರ್ಮನಿಗೆ ಹೊರಟವರ ಪಟ್ಟಿ ನೋಡಿದರೆ ಸುಸ್ತಾಗುತ್ತದೆ. ಒಂದು ವಾರದಲ್ಲಿ ಬರ್ಲಿನ್, ಮ್ಯೂನಿಕ್, ಹೈಡಲ್‌ಬರ್ಗ್, ಬ್ಲ್ಯಾಕ್ ಫಾರೆಸ್ಟ್, ಸಾಲದ್ದಕ್ಕೆ ಪಕ್ಕದ ಸ್ವಿಟ್ಜರ್ಲೆಂಡು. ಬೆಳಗ್ಗೆ ಬ್ಯಾಗು ಕಟ್ಟು, ರಾತ್ರಿ ಬಿಚ್ಚು. ನಾನೂ ಅಕ್ಕನೂ ಇದು ಬೇಡ ಅಂತ ಮೊದಲೇ ಮಾತಾಡಿಕೊಂಡೆವು. ಒಂದೇ ಊರು ಹಿಡಿಯೋಣ, ಇಡೀ ವಾರ ಅಲ್ಲೇ ಇರೋಣ, ನಡೆದ ಬೀದಿಯಲ್ಲೇ ಮತ್ತೆ ನಡೆಯೋಣ ಅಂತ.

ಹಿಡಿದದ್ದು ಟ್ಯೂಬಿಂಗನ್. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ನೆಕರ್ ನದಿಯ ದಡದಲ್ಲಿರುವ ಹಳೇ ವಿಶ್ವವಿದ್ಯಾಲಯದ ಊರು. ಜನ ಸುಮಾರು 90,000. ಅದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ವಿದ್ಯಾರ್ಥಿಗಳು. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ನೆಲಸಮವಾಯಿತು, ಆದರೆ ಇಲ್ಲಿನ ಹಳೇ ಪೇಟೆ ಬಹುಪಾಲು ಉಳಿಯಿತು. ಅಂದರೆ ನಾವು ನೋಡುವ ಹಳೇ ಮನೆ ನಿಜವಾಗಿಯೂ ಹಳೇ ಮನೆ. ಆಮೇಲೆ ಕಟ್ಟಿದ ನಕಲಲ್ಲ.

ನನಗೆ ಈ ಊರು ಬೇಕಿದ್ದದ್ದು ಇನ್ನೊಂದು ಕಾರಣಕ್ಕೆ. ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಟ್ಯೂಬಿಂಗನ್‌ನಲ್ಲಿ. 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಬೆಂಗಳೂರಿನ ಎಂ.ಜಿ. ರೋಡಿನಲ್ಲಿ ಅವರ ಪ್ರತಿಮೆ ನೋಡುತ್ತಾ ಓಡಾಡುವ ನಮಗೆ ಅವರ ಊರಿನ ಹಾದಿಬೀದಿ ಹೇಗಿದೆ ಅಂತ ಗೊತ್ತಿಲ್ಲದಿದ್ದರೆ ಹೇಗೆ? ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳಿಗೆ ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರ್ ಓದಿದ ಊರು ಅನ್ನೋದೇ ಸಾಕಾಗಿತ್ತು.

ತಯಾರಿ ಬೇಸಿಗೆಯಲ್ಲೇ ಶುರುವಾಯಿತು. ಜರ್ಮನಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಹೊರಡುವ ದಿನಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ ಫೀಸು 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಒಂದೇ ಊರಿನಲ್ಲಿ ಇರುವುದರಿಂದ ಒಂದು ಲಾಭ ಇಲ್ಲೇ ಕಾಣುತ್ತದೆ: ತೋರಿಸಬೇಕಾದ ರೂಮಿನ ಬುಕಿಂಗ್ ಒಂದೇ, ದಿನಗಳ ವಿವರ ಬರೆಯುವುದೂ ಸುಲಭ.

ಆಮೇಲೆ ಅಕ್ಕ ಒಂದು ಹಾಳೆಯಲ್ಲಿ ವಾರದ ಟೈಮ್‌ಟೇಬಲ್ ಹಾಕಿದಳು. ಅದರಲ್ಲಿ ಮೊದಲು ಬರೆದದ್ದು ನಾವು ನೋಡಬೇಕಾದ್ದನ್ನಲ್ಲ, ಆ ಊರಿನವರು ಯಾವ ದಿನ ಏನು ಮಾಡುತ್ತಾರೆ ಅನ್ನೋದನ್ನ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಸೋಮವಾರ ಎಷ್ಟೋ ಮ್ಯೂಸಿಯಂಗಳಿಗೆ ರಜೆ. ಪೇಟೆ ಚೌಕದ ಸಂತೆ ಸೋಮವಾರ, ಬುಧವಾರ, ಶುಕ್ರವಾರ. ಇಷ್ಟು ತುಂಬಿದ ಮೇಲೆ ಉಳಿದ ಜಾಗಕ್ಕೆ ನಮ್ಮ ಕೆಲಸ ಹಾಕಿದೆವು. ಯಾವ ಊರಿಗೆ ಹೋಗುವುದಾದರೂ ಹೀಗೇ ಮಾಡಿ ಅಂತ ನಾನು ಹೇಳುತ್ತೇನೆ. ವಾರ ತಾನಾಗಿ ಕೂಡಿಬರುತ್ತದೆ.

ಹೊರಟದ್ದು ಸೆಪ್ಟೆಂಬರ್ ಕೊನೆಗೆ. ಚಳಿ ಇನ್ನೂ ಹಿತವಾಗಿರುತ್ತದೆ, ದ್ರಾಕ್ಷಿ ಕೊಯ್ಲಿನ ಕಾಲ. ಕಾಲೇಜು ಪಾಠಗಳು ಅಕ್ಟೋಬರ್ ಮಧ್ಯಕ್ಕೆ ಶುರು, ಹಾಗಾಗಿ ಊರು ಸ್ವಲ್ಪ ಬಿಡುವಾಗಿರುತ್ತದೆ.

ಶನಿವಾರ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಇಳಿದ ಏರ್‌ಪೋರ್ಟಿನ ಪಕ್ಕದಲ್ಲೇ ದೂರದ ರೈಲುಗಳ ಸ್ಟೇಷನ್. ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲು, ಅಲ್ಲಿ ಬದಲಾಯಿಸಿ ಟ್ಯೂಬಿಂಗನ್‌ಗೆ ಒಂದು ಗಂಟೆಯ ಹತ್ತಿರ ಹತ್ತಿರ. ಜರ್ಮನಿಯ ರೈಲು ನಿಮಿಷ ತಪ್ಪಲ್ಲ ಅನ್ನುವುದು ಹಳೇ ಮಾತು. ಈಗ ತಡ ಆಗುವುದು ಮಾಮೂಲು. ಬದಲಾಯಿಸುವಲ್ಲಿ ಕೈಯಲ್ಲಿ ಸಮಯ ಇಟ್ಟುಕೊಂಡೇ ಟಿಕೆಟ್ ಮಾಡಿ.

ರೈಲ್ವೆ ಪಾಸಿನ ವಿಷಯ ಒಂದು ಹೇಳಿಬಿಡುತ್ತೇನೆ. ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸು ಇದೆ. ದೇಶದ ಎಲ್ಲಾ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲಿಗೆ ನಡೆಯುತ್ತದೆ. 2026ರ ಜನವರಿಯಿಂದ ಅದಕ್ಕೆ 63 ಯೂರೋ. ವೇಗದ ರೈಲಿಗೆ ನಡೆಯಲ್ಲ. ಅದು ತಿಂಗಳ ಚಂದಾ, 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಬೀಳುತ್ತದೆ. ಒಂದೇ ಊರಿನಲ್ಲಿ ನಡೆದಾಡುವವರಿಗೆ ಇದು ಬೇಕಿಲ್ಲ. ನಾವು ಬಿಡಿ ಟಿಕೆಟ್ಟಿನಲ್ಲೇ ಮುಗಿಸಿದೆವು.

ಸಂಜೆ ರೂಮಿಗೆ ಬ್ಯಾಗು ಹಾಕಿ ಮೊದಲು ಓಡಿದ್ದು ಸೂಪರ್‌ಮಾರ್ಕೆಟ್ಟಿಗೆ. ಮರುದಿನ ಭಾನುವಾರ ಅಲ್ವಾ. ಹಾಲು, ಬ್ರೆಡ್ಡು, ಮೊಸರು, ಹಣ್ಣು ತಂದಿಟ್ಟೆವು. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿ ಬಿಲ್ ಮಾಡುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯಲ್ಲಿರುವ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಚೀಟಿ ಕೊಟ್ಟರೆ ದುಡ್ಡು ವಾಪಸ್.

ಭಾನುವಾರ

ಬೆಳಗ್ಗೆ ನೆಕರ್ ಸೇತುವೆ ಮೇಲೆ ನಿಂತೆವು. ಈ ಊರಿನ ಎಲ್ಲಾ ಪೋಸ್ಟ್‌ಕಾರ್ಡುಗಳೂ ಇಲ್ಲಿಂದಲೇ ತೆಗೆದವು. ನೀರಿಗೆ ತಾಗಿದಂತೆ ಹಳದಿ, ಗುಲಾಬಿ, ತಿಳಿ ಹಸಿರು ಬಣ್ಣದ ಎತ್ತರದ ಮನೆಗಳ ಸಾಲು. ಅವುಗಳ ಬೆನ್ನಿಗೆ ಚರ್ಚಿನ ಗೋಪುರ. ಸಾಲಿನಲ್ಲಿ ಚೂಪು ಟೋಪಿ ಇಟ್ಟ ಒಂದು ಹಳದಿ ದುಂಡು ಗೋಪುರ, ಅದರ ಮಾತು ಆಮೇಲೆ. ಸೇತುವೆಯಿಂದ ಮೆಟ್ಟಿಲಿಳಿದರೆ ನದಿ ನಡುವಿನ ಉದ್ದನೆಯ ದ್ವೀಪ. ಅದರ ತುಂಬಾ ಎರಡು ಸಾಲು ದೈತ್ಯ ಪ್ಲೇನ್ ಮರಗಳು. ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ತಳ್ಳಿಕೊಂಡು ನಿಧಾನಕ್ಕೆ ನಡೆಯುತ್ತಾರೆ. ಅಂಗಡಿ ಇಲ್ಲದ ಭಾನುವಾರ ಎಷ್ಟು ಚೆನ್ನಾಗಿರುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ.

ಈ ನದಿಯಲ್ಲಿ ಓಡುವುದು ಸ್ಟೋಖರ್‌ಕಾನ್ ಅನ್ನುವ ಉದ್ದನೆಯ ಚಪ್ಪಟೆ ದೋಣಿ. ಹುಟ್ಟು ಇಲ್ಲ. ದೋಣಿಯ ಹಿಂತುದಿಯಲ್ಲಿ ಒಬ್ಬರು ನಿಂತು ಉದ್ದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾರೆ. ಕೂರುವವರು ಹಲಗೆಗೆ ಬೆನ್ನು ಕೊಟ್ಟು ಎದುರುಬದುರಾಗಿ ಕೂರಬೇಕು. ನಮ್ಮ ದೋಣಿಯ ಹುಡುಗ ವಿದ್ಯಾರ್ಥಿ. ಗಳ ಮೇಲೆತ್ತುವಾಗ ನೀರು ನಮ್ಮ ಮೇಲೆ ಸುರಿಯದ ಹಾಗೆ ಓರೆ ಮಾಡಿ ಎತ್ತುತ್ತಿದ್ದ. ಮೇ–ಜೂನ್ ಹೊತ್ತಿಗೆ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿ ಸಂಘಗಳ ದೋಣಿ ಪಂದ್ಯ ನಡೆಯುತ್ತದಂತೆ. ಸೋತ ತಂಡದವರು ಎಲ್ಲರೆದುರಿಗೆ ಕಾಡ್ ಲಿವರ್ ಎಣ್ಣೆ ಕುಡಿಯಬೇಕು, ಅದೂ ತಲಾ ಅರ್ಧ ಲೀಟರು. ಅಕ್ಕ ಕೇಳಿಯೇ ಮುಖ ಕಿವುಚಿದಳು.

ಮಧ್ಯಾಹ್ನ ಪ್ರಾರ್ಥನೆ ಮುಗಿದ ಮೇಲೆ ಸ್ಟಿಫ್ಟ್ಸ್‌ಕಿರ್ಖೆ ಚರ್ಚಿಗೆ ಹೋದೆವು. ಈಗಿನ ಕಟ್ಟಡ ಶುರುವಾದದ್ದು 1470ರಲ್ಲಿ. 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ ಕೌಂಟ್ ಎಬರ್‌ಹಾರ್ಡ್ ಮತ್ತು ಈ ಸೀಮೆಯ ಹಳೇ ಸಂಸ್ಥಾನ ವ್ಯುರ್ಟೆಂಬರ್ಗ್‌ನ ಡ್ಯೂಕರ ಸಮಾಧಿಗಳು ಒಳಗಿವೆ. ಗಡ್ಡದ ಎಬರ್‌ಹಾರ್ಡ್ ಅಂತಲೇ ಅವನ ಹೆಸರು. 1468ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿ ಬಂದ ಮೇಲೆ ಖರ್ಜೂರದ ಮರವನ್ನು ತನ್ನ ಲಾಂಛನ ಮಾಡಿಕೊಂಡ. ವಿಶ್ವವಿದ್ಯಾಲಯದ ಗುರುತಿನಲ್ಲಿ ಇವತ್ತಿಗೂ ಆ ಮರ ಇದೆ. ಅದೇ ಎಬರ್‌ಹಾರ್ಡ್ 1477ರಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸನ್ನದಿನಲ್ಲಿ ಯಹೂದಿಗಳು ಊರಲ್ಲಿ ಇರಬಾರದು ಅಂತಲೂ ಬರೆಸಿದ. 1938ರ ನವೆಂಬರ್‌ನಲ್ಲಿ ನಾಜಿಗಳು ಗಾರ್ಟನ್ ಬೀದಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಸುಟ್ಟರು. ಈಗ ಅಲ್ಲಿ ಸ್ಮಾರಕವಿದೆ. ಸಂಜೆ ನಡೆದುಕೊಂಡು ಹೋಗಿ ನೋಡಿ ಬಂದೆವು. ಬಣ್ಣಬಣ್ಣದ ಮನೆಗಳ ಊರು ನೋಡಲು ಬಂದವರು ಇದನ್ನೂ ನೋಡಬೇಕು.

ಸೋಮವಾರ

ಈ ದಿನದ ಬಗ್ಗೆ ನನಗೆ ಹೇಳಲು ಜಾಸ್ತಿ ಇದೆ.

ಪೇಟೆ ಚೌಕ ಇಳಿಜಾರಿನಲ್ಲಿದೆ. ನಡುವೆ ನೆಪ್ಚೂನ್ ದೇವರ ಕಾರಂಜಿ, ಅದರ ಸುತ್ತ ಸಂತೆ. ಕುಂಬಳಕಾಯಿ, ನೇರಳೆ ಬಣ್ಣದ ಉದ್ದ ಪ್ಲಮ್ಮು, ಊರ ಸುತ್ತಲಿನ ದ್ರಾಕ್ಷಿ. ತುದಿ ಚೂಪಾಗಿರುವ ಒಂದು ಎಲೆಕೋಸು ನೋಡಿದೆ. ಸ್ಟುಟ್‌ಗಾರ್ಟ್ ಪಕ್ಕದ ಫಿಲ್ಡರ್ ಬಯಲಿನ ತಳಿ. ಮಾರುವ ಅಜ್ಜಿ ಒಂದೊಂದನ್ನೂ ಎರಡೂ ಕೈಯಲ್ಲಿ ಎತ್ತಿ, ತೂಗಿ ನೋಡಿ, ಹೊರಗಿನ ಎಲೆ ಸುಲಿದು ಕೊಡುತ್ತಿದ್ದರು. ಕಾಫಿಗೆ ನಮ್ಮದೇ ಲೋಟ ಒಯ್ದಿದ್ದೆವು. ಟ್ಯೂಬಿಂಗನ್ 2022ರಿಂದ ಬಿಸಾಡುವ ಕಪ್ಪಿಗೆ, ತಟ್ಟೆಗೆ 50 ಸೆಂಟ್ ತೆರಿಗೆ ಹಾಕಿದೆ. ಚಮಚಕ್ಕೆ 20 ಸೆಂಟ್. ಇದರ ವಿರುದ್ಧದ ಕೇಸು ದೇಶದ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು. 2025ರ ಜನವರಿಯಲ್ಲಿ ಊರೇ ಗೆದ್ದಿತು. ನೆಲದ ಮೇಲೆ ಒಂದು ಕಪ್ಪು ಬಿದ್ದದ್ದು ನಾನಂತೂ ಕಾಣಲಿಲ್ಲ.

ಚೌಕದ ಮೇಲ್ಬದಿಗೆ ನಗರಸಭೆ ಕಟ್ಟಡ. 1435ರದ್ದು. ಮುಂದಿನ ಗೋಡೆ ತುಂಬಾ ಚಿತ್ರ. ಅವು ವಿಶ್ವವಿದ್ಯಾಲಯಕ್ಕೆ 400 ವರ್ಷ ತುಂಬಿದಾಗ ಬರೆಸಿದವು. ಎಲ್ಲರೂ ಆ ಚಿತ್ರದ ಫೋಟೋ ತೆಗೆದು ಹೊರಡುತ್ತಾರೆ. ಅಕ್ಕ ಮಾತ್ರ ಮೇಲಿನ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

ಇಲ್ಲಿ ಪ್ರೊಫೆಸರ್ ಆಗಿದ್ದ ಯೋಹಾನಸ್ ಸ್ಟೋಫ್ಲರ್ 1511ರಲ್ಲಿ ಮಾಡಿಸಿದ ಖಗೋಳ ಗಡಿಯಾರ ಅದು. ಗಂಟೆ ಒಂದೇ ಅಲ್ಲ, ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಅಂತಲೂ ತೋರಿಸುತ್ತದೆ. ಸೂರ್ಯ, ಚಂದ್ರರ ಮುಳ್ಳುಗಳ ಜೊತೆಗೆ ಇನ್ನೊಂದು ಮುಳ್ಳಿದೆ. ಡ್ರ್ಯಾಗನ್ ಆಕಾರ, ಒಂದು ತುದಿಗೆ ತಲೆ, ಇನ್ನೊಂದಕ್ಕೆ ಬಾಲ.

"ನೋಡೇ, ರಾಹು ಕೇತು ಕಣೇ ಅದು" ಅಂದಳು ಅಕ್ಕ.

ನಾನು ಸುಮ್ನೆ ಅಂದಳು ಅಂದುಕೊಂಡೆ. ಅಲ್ಲ. ಅವಳು ಅಲ್ಲೇ ಕಾರಂಜಿಯ ಕಟ್ಟೆ ಮೇಲೆ ಕೂರಿಸಿ ಬಿಡಿಸಿ ಹೇಳಿದಳು. ಆಕಾಶದಲ್ಲಿ ಸೂರ್ಯನ ದಾರಿ ಒಂದು, ಚಂದ್ರನ ದಾರಿ ಇನ್ನೊಂದು, ಸುಮಾರು ಐದು ಡಿಗ್ರಿ ಓರೆ. ಎರಡು ದಾರಿಗಳೂ ಎರಡು ಕಡೆ ಅಡ್ಡ ಹಾಯುತ್ತವೆ. ಆ ಎರಡು ಬಿಂದುಗಳೇ ನಮ್ಮ ಪಂಚಾಂಗದ ರಾಹು, ಕೇತು. ಯುರೋಪಿನವರು ಅದನ್ನೇ ಡ್ರ್ಯಾಗನ್ನಿನ ತಲೆ, ಬಾಲ ಅಂದರು. ಈ ಬಿಂದುಗಳು ನಿಂತಲ್ಲಿ ನಿಲ್ಲಲ್ಲ, ಹಿಂದಕ್ಕೆ ಸರಿಯುತ್ತಾ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಬರುತ್ತವೆ. ಅಮಾವಾಸ್ಯೆ ಅಥವಾ ಹುಣ್ಣಿಮೆ ಈ ಬಿಂದುಗಳ ಹತ್ತಿರ ಬಂದಾಗ ಮಾತ್ರ ಗ್ರಹಣ. ಹಾಗಾಗಿ ಸೂರ್ಯ, ಚಂದ್ರರ ಮುಳ್ಳುಗಳೆರಡೂ ಡ್ರ್ಯಾಗನ್ ಮುಳ್ಳಿನ ಮೇಲೆ ಸೇರಿದರೆ ಊರಿನವರಿಗೆ ಗ್ರಹಣದ ಸೂಚನೆ.

"ಮಕ್ಕಳಿಗೆ ಪಾಠ ಮಾಡೋಕೆ ಇದಕ್ಕಿಂತ ಒಳ್ಳೇ ಮಾದರಿ ಎಲ್ಲಿ ಸಿಗತ್ತೆ ಹೇಳು" ಅಂತ ವಿಡಿಯೋ ಮಾಡಿಕೊಂಡಳು. ಸಂತೆ ಎತ್ತುವ ತನಕ ನಾವು ಅಲ್ಲಿಂದ ಏಳಲಿಲ್ಲ. ಒಂದು ವಾರ ಇದೆ ಅನ್ನುವ ನಿರಾಳ ಇಲ್ಲದಿದ್ದರೆ ಆ ಗಡಿಯಾರದ ಕೆಳಗೆ ಇಷ್ಟು ಹೊತ್ತು ಯಾರು ಕೂರುತ್ತಿದ್ದರು?

ಸಂಜೆ ಇಳಿಜಾರಿನ ಬೀದಿಯಲ್ಲಿ ಇವಾಂಗೆಲಿಷಸ್ ಸ್ಟಿಫ್ಟ್ ಕಡೆಗೆ. 1536ರಲ್ಲಿ ಶುರುವಾದ ಹಾಸ್ಟೆಲ್ ಅದು. ಬಡ, ಜಾಣ ಹುಡುಗರನ್ನು ಧರ್ಮಶಾಸ್ತ್ರ ಓದಲು ಇಟ್ಟುಕೊಳ್ಳುತ್ತಿದ್ದರು. ಕೆಪ್ಲರ್ 1589ರಲ್ಲಿ ಬಂದ. ಪಾದ್ರಿ ಆಗಬೇಕಿದ್ದವನಿಗೆ ಮಿಖಾಯೆಲ್ ಮೆಸ್ಟ್ಲಿನ್ ಅನ್ನುವ ಗುರು, ಸೂರ್ಯನೇ ನಡುವೆ ಅನ್ನುವ ಕೊಪರ್ನಿಕಸ್‌ನ ಲೆಕ್ಕ ಹೇಳಿಕೊಟ್ಟ. ಇನ್ನೂರು ವರ್ಷದ ನಂತರ ಇದೇ ಮನೆಯ ಒಂದೇ ಕೋಣೆಯಲ್ಲಿ ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್‌ಲಿನ್ ಮೂವರೂ ಇದ್ದರು. ಈಗಲೂ ವಿದ್ಯಾರ್ಥಿಗಳು ವಾಸವಿದ್ದಾರೆ. ಅಂಗಳದಲ್ಲಿ ಸೈಕಲ್ಲುಗಳು ನಿಂತಿದ್ದವು.

ಮಂಗಳವಾರ

ಇದು ಕಿಟ್ಟೆಲ್ ದಿನ.

ವಿಲ್ಹೆಲ್ಮ್ ಬೀದಿಯುದ್ದಕ್ಕೂ ವಿಶ್ವವಿದ್ಯಾಲಯದ ಕಟ್ಟಡಗಳು. ಅಲ್ಲೇ ಗ್ರಂಥಾಲಯದ ಹಳೇ ಕಟ್ಟಡ, ವಾಸ್ತುಶಿಲ್ಪಿ ಪಾಲ್ ಬೊನಾಟ್ಸ್ 1912ರಲ್ಲಿ ಕಟ್ಟಿದ್ದು. ಅವನ ಹೆಸರಲ್ಲೇ ಬೊನಾಟ್ಸ್‌ಬಾವ್ ಅನ್ನುತ್ತಾರೆ. ಭಾರತದ ಓದು ಈ ಊರಿಗೆ ಹೊಸದಲ್ಲ. ಸಂಸ್ಕೃತದ ಪ್ರೊಫೆಸರ್ ರುಡಾಲ್ಫ್ ರೋಟ್ ಇಲ್ಲಿದ್ದವರು. ಬೋಟ್ಲಿಂಕ್ ಜೊತೆ ಸೇರಿ ದೊಡ್ಡ ಸಂಸ್ಕೃತ–ಜರ್ಮನ್ ಕೋಶ ಮಾಡಿದವರು. ಕಾಶ್ಮೀರದಿಂದ ಅವರಿಗೆ ಬಂದ ಅಥರ್ವವೇದದ ಪೈಪ್ಪಲಾದ ಶಾಖೆಯ ಹಸ್ತಪ್ರತಿ, ಭೂರ್ಜ ತೊಗಟೆಯ ಮೇಲೆ ಶಾರದಾ ಲಿಪಿಯಲ್ಲಿ ಬರೆದದ್ದು, ಈ ಗ್ರಂಥಾಲಯದಲ್ಲಿದೆ.

ಕನ್ನಡದ ಕಥೆ ಹರ್ಮನ್ ಮೋಗ್ಲಿಂಗ್ ಅವರಿಂದ ಶುರು. ಟ್ಯೂಬಿಂಗನ್‌ನಲ್ಲಿ ಧರ್ಮಶಾಸ್ತ್ರ ಓದಿ 1836ರಲ್ಲಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟಿತು. ಕನ್ನಡದ ಮೊದಲ ಪತ್ರಿಕೆ. ದಾಸರ ಪದ, ಹಳೇ ಕಾವ್ಯ ಹುಡುಕಿ ಅಚ್ಚು ಹಾಕಿಸಿದ್ದೂ ಅವರೇ. ಅವರ ಜೊತೆ ಓದಿದ ಹರ್ಮನ್ ಗುಂಡರ್ಟ್ ಕೇರಳದ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳದ ನಿಘಂಟು ಬರೆದರು. ಗುಂಡರ್ಟ್ ಸಂಗ್ರಹವನ್ನು ವಿಶ್ವವಿದ್ಯಾಲಯ ಈಗ ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ಮಲಯಾಳದ ಜೊತೆ ಕನ್ನಡ, ತುಳು ಪುಸ್ತಕಗಳೂ ಇವೆ.

ಕಿಟ್ಟೆಲ್ ಹುಟ್ಟಿದ್ದು ಇಲ್ಲಲ್ಲ. 1832ರಲ್ಲಿ ಉತ್ತರದ ಕಡಲ ಸೀಮೆ ಈಸ್ಟ್ ಫ್ರೀಸಿಯಾದಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕಳಿಸಿದ್ದರಿಂದ 1853ರಲ್ಲಿ ನಮ್ಮ ನಾಡಿಗೆ ಬಂದರು. ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ' ಸಂಪಾದಿಸಿ ಅಚ್ಚು ಹಾಕಿಸಿದರು. ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಹೊರಬಂತು. ಸುಮಾರು 70,000 ಪದಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಎರಡು ವರ್ಷದ ನಂತರ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕನ್ನಡ ವ್ಯಾಕರಣದ ಪುಸ್ತಕವೂ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು.

ಗ್ರಂಥಾಲಯದ ಹೊರಗಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಆ ನಿಘಂಟಿನ ಪುಟಗಳನ್ನು ತೆರೆದೆ. ಒಂದೊಂದು ಪದದ ಕೆಳಗೂ ಅವರು ಗಾದೆ ಕೊಡುತ್ತಾರೆ, ಕಾವ್ಯದ ಸಾಲು ಕೊಡುತ್ತಾರೆ. ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು ಯಾರು ಅಂತ ಹೇಳುತ್ತಾರೆ. ಹಳ್ಳಿಯ ಒಲೆ ಮುಂದೆ, ಹೊಲದ ಬದುವಿನ ಮೇಲೆ ಕೇಳಿದ ಮಾತುಗಳು ಅವು. ಅವನ್ನೆಲ್ಲ ಜೋಡಿಸಿದ ಮುದುಕರು ಇದೇ ಊರಿನ ಚಳಿಯಲ್ಲಿ, ಇದೇ ಕಲ್ಲುಹಾಸಿನ ಮೇಲೆ ನಡೆದಾಡಿದರು. ನನಗೆ ಗಂಟಲು ಕಟ್ಟಿತು. ಅಕ್ಕ ಏನೂ ಮಾತಾಡದೆ ಫೋನು ಇಸ್ಕೊಂಡು ಅವಳೂ ಓದಿದಳು. ಅವರ ಹೆಸರಿನ ಒಂದು ಸಣ್ಣ ದಾರಿಸೂಚಿ ಕನ್ನಡದಲ್ಲಿ ಇಲ್ಲೊಂದು ಇರಬೇಕು ಅನ್ನೋದು ನನ್ನ ಆಸೆ. ನಮ್ಮ ಸರ್ಕಾರ, ನಮ್ಮ ಸಂಘಗಳು ಮನಸ್ಸು ಮಾಡಿದರೆ ದೊಡ್ಡ ಕೆಲಸವೇನಲ್ಲ.

ಗುಂಡರ್ಟ್ ಅವರ ಮೊಮ್ಮಗ 'ಸಿದ್ಧಾರ್ಥ' ಕಾದಂಬರಿಯ ಹರ್ಮನ್ ಹೆಸ್ಸೆ. 1895ರಿಂದ 1899ರವರೆಗೆ ಚರ್ಚಿನ ಎದುರಿನ ಹೋಲ್ಟ್ಸ್‌ಮಾರ್ಕ್ಟ್ ಚೌಕದ ಹೆಕನ್‌ಹಾವರ್ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತ. ಅಲ್ಲೇ ಅವನ ನೆನಪಿಗೆ ಒಂದು ಪುಟ್ಟ ಕೋಣೆ ಇದೆ. ಲೆಕ್ಕ ಹಾಕಿದರೆ ಕಿಟ್ಟೆಲ್ ಈ ಊರಿನಲ್ಲಿದ್ದಾಗಲೇ ಹೆಸ್ಸೆ ಆ ಅಂಗಡಿಯಲ್ಲಿದ್ದ.

ಉಳಿದ ಹೊತ್ತು ಊರಿನ ಮ್ಯೂಸಿಯಂಗೆ. ಅಲ್ಲಿ ವಿಲ್ಹೆಲ್ಮ್ ಶಿಕಾರ್ಡ್‌ನ ಲೆಕ್ಕದ ಯಂತ್ರದ ಮಾದರಿ ಇದೆ. ಅವನು ಇಲ್ಲಿ ಹೀಬ್ರೂ, ಖಗೋಳ ಹೇಳಿಕೊಡುತ್ತಿದ್ದವನು. ಕೂಡುವ, ಕಳೆಯುವ ಯಂತ್ರ ಮಾಡಿದ್ದೇನೆ ಅಂತ 1623ರಲ್ಲಿ ಕೆಪ್ಲರ್‌ಗೆ ಕಾಗದ ಬರೆದ. ಮೂಲ ಯಂತ್ರ ಉಳಿದಿಲ್ಲ. ಉಳಿದ ಚಿತ್ರಗಳನ್ನು ನೋಡಿ 1960ರಲ್ಲಿ ಮತ್ತೆ ಮಾಡಿದರು. ಒಂಬತ್ತು ದಾಟಿದರೆ ಪಕ್ಕದ ಚಕ್ರ ಒಂದು ಹಲ್ಲು ಮುಂದೆ ಹೋಗುತ್ತದೆ, ದಶಕ ತರುವುದು ಅಂದರೆ ಅದೇ ಅಲ್ವಾ!

ಬುಧವಾರ

ಗುಡ್ಡದ ಮೇಲಿನ ಹೋಹೆನ್‌ಟ್ಯೂಬಿಂಗನ್ ಕೋಟೆ. ಈಗ ಅದೂ ವಿಶ್ವವಿದ್ಯಾಲಯದ್ದೇ, ಒಳಗೆ ಮ್ಯೂಸಿಯಂ. ವಾರದ ಶುರುವಿನಲ್ಲಿ ಮುಚ್ಚಿರುವುದರಿಂದಲೇ ಬುಧವಾರಕ್ಕೆ ಇಟ್ಟದ್ದು. ಈಜಿಪ್ಟಿನ ಸಮಾಧಿ ಕೋಣೆ, ಗ್ರೀಕ್ ಶಿಲ್ಪಗಳ ಅಚ್ಚು, ಬೇಕಾದಷ್ಟಿದೆ. ನೀವು ಎಲ್ಲಾ ಬಿಟ್ಟರೂ ಒಂದು ಕತ್ತಲೆ ಕೋಣೆ ಬಿಡಬೇಡಿ. ಅಲ್ಲಿ ಒಂದು ಕುದುರೆ ಇದೆ.

ಉದ್ದ 4.8 ಸೆಂಟಿಮೀಟರ್. ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಈಗ ಅಳಿದುಹೋಗಿರುವ ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಸುಮಾರು 40,000 ವರ್ಷದ ಹಿಂದೆ. 1931ರಲ್ಲಿ ಫೋಗಲ್‌ಹರ್ಡ್ ಗುಹೆಯಲ್ಲಿ ಸಿಕ್ಕಿತು. ಕಾಲುಗಳು ಮುರಿದಿವೆ. ಕತ್ತು ಮಾತ್ರ ಎಂಥಾ ಕತ್ತು! ಬಿಲ್ಲಿನ ಹಾಗೆ ಬಾಗಿ, ಕೇಸರದಿಂದ ಬೆನ್ನಿಗೆ ಒಂದೇ ಗೆರೆಯಲ್ಲಿ ಇಳಿಯುತ್ತದೆ. ಗಂಡು ಕುದುರೆ ಎದುರಾಳಿಯ ಮುಂದೆ ಕತ್ತು ಸೆಟೆಸಿ ನಿಲ್ಲುವುದನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಇದು ಸಾಧ್ಯ. ಮೈಯೆಲ್ಲಾ ನುಣುಪಾಗಿದೆ. ಯಾರೋ ಬಹಳ ಕಾಲ ಕೈಯಲ್ಲಿ ಹಿಡಿದು ಓಡಾಡಿದ್ದಿರಬೇಕು ಅನ್ನಿಸುತ್ತದೆ. ಅದರ ಪಕ್ಕದಲ್ಲಿ 2006ರಲ್ಲಿ ಸಿಕ್ಕ ಪುಟ್ಟ ಮ್ಯಾಮತ್. ಈ ಸೀಮೆಯ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಕೋಟೆಯ ಹಳೇ ಅಡುಗೆಮನೆ ಇನ್ನೊಂದು ಕಾರಣಕ್ಕೆ ದೊಡ್ಡದು. ಅದು 19ನೇ ಶತಮಾನದಲ್ಲಿ ಪ್ರಯೋಗಶಾಲೆ ಆಗಿತ್ತು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಅನ್ನುವ ಯುವಕ ಆಸ್ಪತ್ರೆಯಿಂದ ಗಾಯದ ಬ್ಯಾಂಡೇಜು ತರಿಸಿಕೊಂಡು, ಅದರ ಕೀವು ತೊಳೆದು, ಜೀವಕೋಶಗಳ ಒಳಗಿನಿಂದ ಒಂದು ಹೊಸ ಪದಾರ್ಥ ಬೇರೆ ಮಾಡಿದ. ಅದಕ್ಕೆ ನ್ಯೂಕ್ಲಿನ್ ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್ಎ ಅನ್ನುವುದು ಅದನ್ನೇ.

ಊಟದ ವಿಷಯ ಇಲ್ಲೇ ಹೇಳುತ್ತೇನೆ. ನಮ್ಮಿಬ್ಬರಿಗೂ ಮಾಂಸ ಬೇಡ, ಮೊಟ್ಟೆ ಪರವಾಗಿಲ್ಲ. ಹಾಗಿದ್ದರೆ ಕೇಸ್‌ಷ್ಪೆಟ್ಸ್ಲೆ ಸಿಗುತ್ತದೆ: ಮೊಟ್ಟೆ ಹಾಕಿದ ಮೆತ್ತನೆ ಹಿಟ್ಟಿನ ಎಳೆಗಳಿಗೆ ಚೀಸು, ಮೇಲೆ ಹುರಿದ ಈರುಳ್ಳಿ. ಮೌಲ್ಟಾಷನ್ ಅಂದರೆ ಹೂರಣ ತುಂಬಿ ಬೇಯಿಸಿದ್ದು, ನಮ್ಮ ಕಡುಬಿನ ಹಾಗೆ. ಮಾಮೂಲಿಗೆ ಮಾಂಸದ ಹೂರಣ, ತರಕಾರಿಯದ್ದೂ ಎಷ್ಟೋ ಕಡೆ ಉಂಟು. ಈ ಕಾಲದಲ್ಲಿ ಹೊಸ ದ್ರಾಕ್ಷಾರಸದ ಜೊತೆ ಈರುಳ್ಳಿ ಕೇಕು ಮಾಡುತ್ತಾರೆ. ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ವಾಡಿಕೆ. ಬೇಳೆ ಮತ್ತು ಷ್ಪೆಟ್ಸ್ಲೆ ಅಂದರೂ ಜೊತೆಗೆ ಸಾಸೇಜು ಬರುತ್ತದೆ. "ಓನೆ ಫ್ಲೈಷ್", ಮಾಂಸ ಬೇಡ, ಅಂತ ಮೊದಲೇ ಹೇಳಿ. ಬೆಣ್ಣೆ ಹಚ್ಚಿದ ಬ್ರೆಟ್ಸಲ್ ಕೂಡ ಕೇಳಿಯೇ ತಿನ್ನಿ, ಕೆಲವು ಬೇಕರಿಗಳಲ್ಲಿ ಹಿಟ್ಟಿಗೆ ಹಂದಿಕೊಬ್ಬು ಹಾಕುತ್ತಾರೆ.

ಗುರುವಾರ

ಬಸ್ಸಿನಲ್ಲಿ ಬೇಬನ್‌ಹೌಸನ್. ಉತ್ತರಕ್ಕೆ ಐದಾರು ಕಿಲೋಮೀಟರ್, ಷೋನ್‌ಬುಖ್ ಕಾಡಿನ ಅಂಚು. 12ನೇ ಶತಮಾನದ ಕೊನೆಗೆ ಶುರುವಾದ ಮಠ. ಊಟದ ಹಾಲಿನ ಕಮಾನುಗಳೂ, ಚರ್ಚಿನ ಮೇಲಿನ ಕಲ್ಲಿನ ಜಾಲರಿ ಗೋಪುರವೂ ಸುಂದರ. ವ್ಯುರ್ಟೆಂಬರ್ಗ್‌ನ ಕೊನೆಯ ದೊರೆ ಎರಡನೇ ವಿಲ್ಹೆಲ್ಮ್ 1918ರಲ್ಲಿ ಪಟ್ಟ ಬಿಟ್ಟ ಮೇಲೆ ಇಲ್ಲಿಗೇ ಬಂದು 1921ರಲ್ಲಿ ತೀರಿಕೊಂಡ. ಅರ್ಧ ದಿನ ಸಾಕು. ವಾಪಸ್ ಬರುವಾಗ ಮಳೆ ಹಿಡಿಯಿತು, ರೂಮಿನಲ್ಲಿ ಅನ್ನ, ಬೇಳೆ ಸಾರು ಮಾಡಿ ಉಂಡು ಮಲಗಿದೆವು.

ಶುಕ್ರವಾರ

ಆ ಹಳದಿ ಗೋಪುರ. ಕವಿ ಹೋಲ್ಡರ್‌ಲಿನ್‌ಗೆ ಮೂವತ್ತಾರನೇ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆ ಅಂತ ಇಲ್ಲಿನ ಆಸ್ಪತ್ರೆಗೆ ಸೇರಿಸಿದರು. 1807ರಲ್ಲಿ ಇನ್ನೇನು ಮೂರು ವರ್ಷ ಬದುಕಿದರೆ ಹೆಚ್ಚು ಅಂತ ಕಳಿಸಿದರು. ಅವನ ಬರಹ ಓದಿ ಮೆಚ್ಚಿದ್ದ ಎರ್ನ್ಸ್ಟ್ ಸಿಮರ್ ಅನ್ನುವ ಬಡಗಿ ತನ್ನ ಮನೆಗೆ ಕರೆತಂದ. ಅಲ್ಲೇ 36 ವರ್ಷ ಇದ್ದ. ಸಿಮರ್ 1838ರಲ್ಲಿ ತೀರಿಹೋದ ಮೇಲೆ ಮಗಳು ಲೊಟ್ಟೆ ನೋಡಿಕೊಂಡಳು, 1843ರಲ್ಲಿ ಕವಿ ಸಾಯುವ ತನಕ. ಕೋಣೆಯಲ್ಲಿ ನಿಂತರೆ ಮೂರು ಕಡೆಯಿಂದಲೂ ನದಿಯ ಬೆಳಕು ಬರುತ್ತದೆ. ಕವಿಯ ಹೆಸರಿನ ಮನೆ ಇದು. ನನಗೆ ಜಾಸ್ತಿ ನೆನಪಿಗೆ ಬಂದದ್ದು ಬಡಗಿಯ ಸಂಸಾರ.

ಮಧ್ಯಾಹ್ನಕ್ಕೆ ಟೈಮ್‌ಟೇಬಲ್‌ನಲ್ಲಿ ಹೋಹೆನ್‌ಸೊಲರ್ನ್ ಕೋಟೆ ಇತ್ತು. ಎಲ್ಲಾ ಪಟ್ಟಿಗಳಲ್ಲೂ ಇರುವ, ಗುಡ್ಡದ ತುದಿಯ ದೊಡ್ಡ ಕೋಟೆ. ಈಗಿನದು ಕಟ್ಟಿದ್ದು 1850ರಿಂದ 1867ರವರೆಗೆ. ರೈಲು, ಬಸ್ಸು, ಕ್ಯೂ ಅಂತ ಇಡೀ ದಿನ ಬೇಡುತ್ತದೆ. "ಬಿಟ್ಟುಬಿಡೋಣ್ವಾ?" ಅಂದೆ. ಅಕ್ಕ ಪೆನ್ನು ತೆಗೆದು ಹೊಡೆದುಹಾಕಿದಳು.

ಬದಲಿಗೆ ಕೋಟೆಯ ಹಿಂದಿನಿಂದ ಹೊರಟು ಷ್ಪಿಟ್ಸ್‌ಬರ್ಗ್ ಬೆಟ್ಟಸಾಲಿನ ಮೇಲೆ ಪಶ್ಚಿಮಕ್ಕೆ ನಡೆದೆವು. ದಕ್ಷಿಣದ ಇಳಿಜಾರಿಗೆ ಕಲ್ಲಿನ ಗೋಡೆ ಕಟ್ಟಿದ ದ್ರಾಕ್ಷಿ ತೋಟಗಳು. ಹಿಂದೆ ಮೇಲ್ಪೇಟೆಯಲ್ಲಿ ಪ್ರೊಫೆಸರುಗಳು, ಕೆಳಪೇಟೆಯಲ್ಲಿ ದ್ರಾಕ್ಷಿ ಬೆಳೆಗಾರರು. ಆ ಬೆಳೆಗಾರರನ್ನು ಗೋಗನ್ ಅನ್ನುತ್ತಿದ್ದರು. ಅವರ ಒರಟು ಜೋಕುಗಳು ಊರಲ್ಲಿ ಇನ್ನೂ ಓಡಾಡುತ್ತವೆ. ಎರಡು ಗಂಟೆಯ ನಡಿಗೆ ಮುಗಿದಲ್ಲಿ ಬೋಳು ಗುಡ್ಡದ ನೆತ್ತಿಗೆ ವುರ್ಮ್‌ಲಿಂಗನ್ ಪ್ರಾರ್ಥನಾಲಯ, ಸುತ್ತ ಸಣ್ಣ ಸ್ಮಶಾನ. ಈ ಊರಿನ ಕವಿ ಉಲಾಂಡ್ ಇದರ ಮೇಲೆ ಬರೆದ ಪದ್ಯ ಜರ್ಮನ್ ಮಕ್ಕಳ ಬಾಯಲ್ಲಿದ್ದದ್ದು. ದೂರಕ್ಕೆ ಆಲ್ಬ್ ಬೆಟ್ಟಗಳ ನೀಲಿ ಗೋಡೆ. ಇಳಿದು ಹಿರ್ಷಾವ್ ಹಳ್ಳಿಯಲ್ಲಿ ಬಸ್ಸು ಹಿಡಿದೆವು. ಮಂಡಿ ನೋವಿರುವವರು ಇಳಿಜಾರಿನಲ್ಲಿ ಕೋಲು ಹಿಡಿಯುವುದು ಒಳ್ಳೆಯದು.

ಶನಿವಾರ

ವಿಮಾನ ಭಾನುವಾರ. ಸ್ಟುಟ್‌ಗಾರ್ಟ್‌ಗೆ ಹೋಗುವ ಪ್ರಾದೇಶಿಕ ರೈಲು ಎಸ್ಲಿಂಗನ್ ಮೂಲಕ ಹೋಗುತ್ತದೆ. ಮಂಗಳೂರು ಬಿಟ್ಟು ಬಂದ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ಹಾಗಾಗಿ ಅಲ್ಲಿ ಇಳಿದೆವು. ಮರದ ತೊಲೆಗಳ ಚೌಕಟ್ಟಿನ ಮನೆಗಳು ಅಲ್ಲಿ 14ನೇ ಶತಮಾನದವೂ ಇವೆ. ಊರ ಮೇಲೆ ದ್ರಾಕ್ಷಿ ತೋಟ, ಕೋಟೆ ಗೋಡೆಗೆ ಹತ್ತುವ ಮುಚ್ಚಿದ ಮೆಟ್ಟಿಲು ದಾರಿ. ಬೆಳಗ್ಗೆ ಹೊರಟರೆ ಸಂಜೆಯೊಳಗೆ ನೋಡಿಕೊಂಡು, ರಾತ್ರಿ ಫ್ರಾಂಕ್‌ಫರ್ಟ್ ಏರ್‌ಪೋರ್ಟಿನ ಹತ್ತಿರ ಉಳಿಯಬಹುದು. ನೀವು ಕನ್ನಡದ ನೆಪ ಇಟ್ಟುಕೊಂಡು ಹೋಗುವುದಾದರೆ ಇದನ್ನು ಬಿಡಬೇಡಿ. ಇನ್ನೊಂದು ದಿನ ಸಿಕ್ಕಿದ್ದರೆ ನಾನು ಬ್ಲಾವ್‌ಬಾಯ್ರನ್‌ಗೆ ಹೋಗುತ್ತಿದ್ದೆ. ಆ ಕುದುರೆಯ ಕಾಲದ ಕೊಳಲುಗಳು ಅಲ್ಲಿನ ಮ್ಯೂಸಿಯಂನಲ್ಲಿವೆ. ಅಕ್ಕ ಮಾತ್ರ ಕೆಪ್ಲರ್ ಹುಟ್ಟಿದ ವೈಲ್ ಡೆರ್ ಸ್ಟಾಟ್ ಅನ್ನುತ್ತಾಳೆ. ಅದೂ ಸ್ಟುಟ್‌ಗಾರ್ಟ್‌ನಿಂದ ಲೋಕಲ್ ರೈಲಿನ ದಾರಿ.